ಆಚೆ ಬದಿಯಿಂದ ಕಲಿತ ಪ್ಯಾನ್

ವಿಶ್ವವಿದ್ಯಾಲಯದ ಸ್ಟೀಲ್‌ಪ್ಯಾನ್ ತಂಡಕ್ಕೆ, ಎಂದರೆ ಎಣ್ಣೆ ಡ್ರಮ್ಮಿನ ತಳ ತಟ್ಟಿ ಮಾಡಿದ ವಾದ್ಯ ಬಾರಿಸುವವರ ಗುಂಪಿಗೆ, ಸೇರುವುದಿದ್ದರೆ ನಾನು ಈ ವರ್ಷವೇ ಸೇರಬೇಕಿತ್ತು. ಹೊಸದಾಗಿ ಸೇರುವವರು ವಿದ್ಯಾರ್ಥಿಗಳಾಗಿರಬೇಕು ಎಂಬುದು ನಿಯಮ. ನನ್ನ ಸಂಜೆ ಕೋರ್ಸು ಜೂನ್‌ಗೆ ಮುಗಿಯುತ್ತದೆ. ಹಗಲು ನಮ್ಮೂರು ಟ್ಯೂನಾಪೂನಾದ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ, ನನ್ನಂಥ ನಲವತ್ತಾರರ ಹೆಂಗಸಿಗೆ ಇನ್ನೊಂದು ಕೋರ್ಸು ಮಾಡುವ ಶಕ್ತಿ ಇರಲಿಲ್ಲ.

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಕೊನೆಯಲ್ಲೇ ಪ್ಯಾನ್ ಬಾರಿಸುವ ಅಂಗಳವಿತ್ತು. ಮರ್ಯಾದಸ್ಥರ ಹುಡುಗಿಯರು ಅಲ್ಲಿ ಕಾಲಿಡಬಾರದೆಂದು ಅಮ್ಮ ತಡೆದಿದ್ದರು. ನಾನು ಬೇಲಿಯಾಚೆ ನಿಂತು ಕೇಳುತ್ತಿದ್ದೆ, ಅಷ್ಟೆ.

ತಂಡದ ಗುರು ಅಲೇನ್ ಸರ್ ಹೊಸಬರಿಗೆಲ್ಲ ತೆಳು ದನಿಯ ಟೆನರ್ ಪ್ಯಾನ್ ಮೇಲೆ ಒಂದು ಪುಟ್ಟ ರಾಗ ಬಾರಿಸಿ ತೋರಿಸಿ, "ಮುಂದಿನ ಶುಕ್ರವಾರ ಇದನ್ನ ಬಾರಿಸಿ ತೋರಿಸ್ಬೇಕು. ಕಾಗದ ನೋಡ್ಕೊಂಡು ಬಾರಿಸೋರು ನಮ್ಮಲ್ಲಿಲ್ಲ, ಕಿವೀಲಿ ಹಿಡ್ಕೊಳ್ಳಿ" ಎಂದಿದ್ದರು. ಮನೆಯಲ್ಲಿ ಪ್ಯಾನ್ ಇಲ್ಲ. ಹಾಗಾಗಿ ಅದರ ಮೇಲಿನ ಸ್ವರಗಳ ಜಾಗವನ್ನು ಒಂದು ರಟ್ಟಿನ ಮೇಲೆ ಬರೆದುಕೊಂಡೆ. ಬಾರಿಸುವ ಬದಿಯಲ್ಲಿ ಹುಡುಗ ಹುಡುಗಿಯರು ಮುತ್ತಿಕೊಂಡಿದ್ದರು. ಅವರ ನಡುವೆ ನುಗ್ಗಲು ಸಂಕೋಚವಾಗಿ ಎದುರುಗಡೆ ನಿಂತೇ, ಒಂದೊಂದು ಸ್ವರವನ್ನೂ ಎರಡೆರಡು ಸಲ ನೋಡಿ ಬರೆದೆ.

ವಾರವಿಡೀ ಊಟದ ಮೇಜಿನ ಮೇಲೆ ರಟ್ಟಿಟ್ಟು, ತುದಿಗೆ ರಬ್ಬರ್ ಸುತ್ತಿದ ಎರಡು ಪೆನ್ಸಿಲ್‌ಗಳಿಂದ ಬಡಿದೆ.

"ರಟ್ಟು ಪಾಪ ಏನು ತಪ್ಪು ಮಾಡ್ತು ಅಂತ ಹೊಡೀತಿದೀಯೇ?" ಎಂದ ನನ್ನ ಗಂಡ ರಾಲ್ಫ್.

ಶುಕ್ರವಾರ ನನ್ನ ಸರದಿ ಬಂತು. ಕೋಲು ಹಿಡಿದು ಮೊದಲ ಸ್ವರ ಹೊಡೆದೆ. ತಪ್ಪು. ಎರಡನೆಯದೂ ತಪ್ಪು. ಕೈ ಕಲಿತ ದಾರಿಯಲ್ಲೇ ಓಡುತ್ತಿತ್ತು, ಬರುತ್ತಿದ್ದ ಹಾಡು ಮಾತ್ರ ಬೇರೆಯೇ.

ಅಲೇನ್ ಸರ್ ಕಿವಿಯ ಹಿಂದೆ ಕೆರೆದುಕೊಂಡರು. "ಮೂವತ್ತು ವರ್ಷದಿಂದ ಪ್ಯಾನ್ ಬಾರಿಸ್ತಿದೀನಮ್ಮಾ. ಈ ಹಾಡು ಮಾತ್ರ ಎಲ್ಲೂ ಕೇಳಿಲ್ಲ."

ಎಲ್ಲರೂ ನಕ್ಕರು. ಕ್ಷಮೆ ಕೇಳಿ ಹೊರಟುಬಿಡೋಣವೆನಿಸಿತು. ಚೀಲದಿಂದ ರಟ್ಟು ತೆಗೆದು ಪ್ಯಾನಿನ ಪಕ್ಕ ಹಿಡಿದಾಗಲೇ ಗೊತ್ತಾದದ್ದು: ನನ್ನ ಹತ್ತಿರ ಇರಬೇಕಾದ ಸ್ವರವೆಲ್ಲ ರಟ್ಟಿನಲ್ಲಿ ಆಚೆ ತುದಿಯಲ್ಲಿತ್ತು.

"ಸರ್, ಒಂದೇ ಒಂದು ಸಲ... ಆ ಕಡೆ ನಿಂತು ಬಾರಿಸ್ಲಾ?"

"ಬೇಕಾದ್ರೆ ಕೆಳಗೆ ಮಲಗಿ ಬಾರಿಸಿ."

ಸುತ್ತಿ ಬಂದು, ಸಭಿಕರು ಕೂರುವ ಕಡೆಗೆ ಬೆನ್ನು ಮಾಡಿ ನಿಂತೆ. ಒಂದು ಸ್ವರವೂ ತಪ್ಪದೆ ಇಡೀ ರಾಗ ಬಾರಿಸಿದೆ.

"ಅಯ್ಯೋ ಆಂಟಿ!" ಎಂದು ಕಿರುಚಿದಳು ಟೆನರ್ ಬಾರಿಸುವ ಶೆವಾನ್. "ಎದುರಿಗೆ ನಿಂತು ಕಲಿತ್ಕೊಂಡಿದೀರಾ! ಕಾರ್ನಿವಲ್ ಮೆರವಣಿಗೇಲಿ ನಮ್ಮನ್ನ ಹೊತ್ತ ಲಾರಿ ಒಂದು ಕಡೆ, ನೀವೊಂದು ಕಡೆ ಹೋಗ್ತೀರಾ ಹೇಗೆ?"

ಅಲೇನ್ ಸರ್ ನಗಲಿಲ್ಲ. ರಟ್ಟನ್ನು ಇಸಿದುಕೊಂಡು ನೋಡಿದರು. ಪೆನ್ಸಿಲ್ ಬಡಿದು ಬಡಿದು ಕೆಲವು ಕಡೆ ತೂತಾಗಿತ್ತು.

"ಇಷ್ಟೂ ಮನೇಲಿ ಕೂತು, ಸದ್ದೇ ಇಲ್ಲದೆ ಕಲಿತ್ರಾ?"

"ಹೌದು ಸರ್. ತಪ್ಪಾಯ್ತು."

"ಟೆನರ್ ನಿಮಗೆ ಬೇಡ. ಕೈ ತಿರುಗಿಸೋಕೇ ಆರು ತಿಂಗಳು ಬೇಕು."

ನಾನು ಕೋಲುಗಳನ್ನು ಕೆಳಗಿಟ್ಟೆ.

"ಎಲ್ಲಿಗೆ ಹೊರಟ್ರಿ? ಇನ್ನೂ ಮುಗಿಸಿಲ್ಲ ನಾನು. ಎಲ್ಲರಿಗೂ ಟೆನರೇ ಬೇಕು. ದಪ್ಪ ದನಿಯ ಬೇಸ್‌ಗೆ ಜನ ಇಲ್ಲ. ಬನ್ನಿ ಇಲ್ಲಿ."

ಮೂಲೆಯಲ್ಲಿ ಎದೆಯೆತ್ತರದ ಆರು ಡ್ರಮ್ಮುಗಳು ಸುತ್ತಲೂ ನಿಂತಿದ್ದವು. ನನ್ನನ್ನು ಅವುಗಳ ನಡುವೆ ನಿಲ್ಲಿಸಿದರು.

"ಇಲ್ಲಿ ಎದುರುಗಡೆ ಅನ್ನೋದೇ ಇಲ್ಲ. ಹೇಗೆ ತಪ್ಪಾಗಿ ನಿಲ್ತೀರೋ ನೋಡೋಣ."

ಅವರು ನಾಲ್ಕು ಸ್ವರ ಗುನುಗಿ, ಬೆರಳಿಂದ ಜಾಗ ತೋರಿಸಿದರು. ನಾನು ಹೊಡೆದೆ. ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಬಂತು. ಇನ್ನೊಮ್ಮೆ ಹೊಡೆದೆ. ಶೆವಾನ್ ತಾನಾಗಿಯೇ ಮೇಲೆ ರಾಗ ಸೇರಿಸಿದಳು.

"ಸರ್," ಎಂದೆ ಬಾರಿಸುತ್ತಲೇ, "ಹಾಗಾದ್ರೆ ನನ್ನ ಸೇರಿಸ್ಕೊಂಡ್ರಾ?"

"ನಿಲ್ಲಿಸ್ಬೇಡಿ! ತಂಡಕ್ಕೆ ಸೇರಿದೋರನ್ನ ತಾನೇ ನಾನು ಬೈಯೋದು!"