ಹಿಂದಿನವರು ಕಾಲು ಕೆಳಗಿಡಬಾರದು

ಸೈಕಲ್ಲಿನ ಈ ಪೆಡಲಿಗೆ ಕ್ಲಿಪ್‌ಲೆಸ್ ಅಂದರೆ ಕ್ಲಿಪ್ಪೇ ಇಲ್ಲದ್ದು ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಬೂಟಿನ ತಳಕ್ಕೆ ಒಂದು ತುಂಡು ಬಿಗಿದು, ಅದನ್ನು ಪೆಡಲಿನ ಬಾಯಿಗೆ ಒತ್ತಿ, ಟಕ್ ಎಂದು ಕಚ್ಚಿಸಿಕೊಳ್ಳುವ ಏರ್ಪಾಟಿನಲ್ಲಿ ಕ್ಲಿಪ್ ಬಿಟ್ಟರೆ ಬೇರೇನೂ ಇಲ್ಲ. ಕಾಲು ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಬೇಕು. ಮರೆತರೆ ಸೈಕಲ್ ಸಮೇತ ಪಕ್ಕಕ್ಕೆ ಉರುಳಬೇಕು. ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಉರುಳುತ್ತಾರೆ, ಅದೂ ನಾಲ್ಕು ಜನ ನೋಡುವ ಕಡೆಯೇ.

ಐವತ್ತು ದಾಟಿದ ಬ್ರೇಕು ಎಂಬವನು ಇಂಥ ಪೆಡಲು ಕೊಳ್ಳಲು ಹೆಂಡತಿಯನ್ನು ಕರೆದುಕೊಂಡು ಭಾವಮೈದನ ಸೈಕಲ್ ಅಂಗಡಿಗೆ ಬಂದ. ಇಳಿಜಾರಿನಲ್ಲಿ ಎರಡೂ ಬ್ರೇಕು ಹಿಡಿದೇ ಇಳಿಯುತ್ತಾನೆಂದು ಭಾನುವಾರದ ಸವಾರರ ಗುಂಪು ಇಟ್ಟ ಹೆಸರು ಅದು. ಕೆಲಸದಲ್ಲಿ ಅವನು ಲಿಫ್ಟ್ ಮೆಕ್ಯಾನಿಕ್. ಲಿಫ್ಟು ಮಹಡಿಯ ನೆಲಕ್ಕೆ ಸರಿಸಮನಾಗಿ ನಿಲ್ಲದಿದ್ದರೆ ಆ ದಿನ ಅವನಿಗೆ ಅನ್ನ ಇಳಿಯುವುದಿಲ್ಲ. ಮಾತು ಕಡಿಮೆ, ಮನೆಯಲ್ಲಂತೂ ಇನ್ನೂ ಕಡಿಮೆ.

ಹೆಂಡತಿ ಟೈಲರ್. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಸೈಕಲ್ಲಿನಲ್ಲಿಯೂ ಅಷ್ಟೆ, ಗುಂಪಿನ ಗಂಡಸರಲ್ಲಿ ಅರ್ಧ ಜನ ಅವಳ ಬೆನ್ನನ್ನೇ ಹೆಚ್ಚಾಗಿ ನೋಡಿದವರು. ಕಳೆದ ವರ್ಷ ಅವಳ ನೋಟದ ನಡುಭಾಗ ಮಾಸತೊಡಗಿತು. ಅಂಚು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. ಮೊದಲು ಸೂಜಿಯ ಕಣ್ಣು ಹೋಯಿತು, ಆಮೇಲೆ ಸಿಗ್ನಲ್ಲಿನ ಬಣ್ಣ. ಇದು ಕನ್ನಡಕಕ್ಕೆ ಬಗ್ಗುವ ಕಾಯಿಲೆಯಲ್ಲ, ರಸ್ತೆಯಲ್ಲಿ ಒಬ್ಬರೇ ಸೈಕಲ್ ಹೊಡೆಯುವುದು ಇನ್ನು ಬೇಡ ಎಂದರು ಡಾಕ್ಟರು.

ಬ್ರೇಕು ಒಂದು ಮಾತೂ ಆಡದೆ ಹೋಗಿ, ಯಾರೋ ಬಳಸಿ ಬಿಟ್ಟಿದ್ದ ಜೋಡಿ ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದ. ಉದ್ದನೆಯದು, ಎರಡು ಸೀಟು, ಎರಡು ಜೊತೆ ಪೆಡಲು. ಮುಂದೆ ಕೂತವರದೇ ಬ್ರೇಕು, ಗೇರು, ದಾರಿ. ಹಿಂದೆ ಕೂತವರಿಗೆ ತುಳಿಯುವುದೊಂದೇ ಕೆಲಸ. ಹೆಂಡತಿ ಅದನ್ನು ಕೈಯಿಂದ ಉದ್ದಕ್ಕೂ ಸವರಿ ನೋಡಿದಳು. ಸಿಟ್ಟು ಬಂತು, ಅಳುವೂ ಬಂತು. ಇವೆರಡರಲ್ಲಿ ಸಿಟ್ಟನ್ನೇ ಆರಿಸಿಕೊಂಡಳು.

"ಮೂಟೆ ಹಾಗೆ ಹಿಂದೆ ಕೂರಿಸ್ಕೊಂಡು ಹೋಗ್ತೀರಾ? ಆಯ್ತು, ನೋಡೇಬಿಡೋಣ. ನನಗೆ ಆಗಲ್ಲ ಅನ್ನಿಸಿದ್ರೆ ನನ್ನ ಸೈಕಲ್ ಬೂಟು ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಆಮೇಲೆ ಸೈಕಲ್ ಸುದ್ದಿ ಎತ್ತಬಾರದು."

ಎತ್ತುವುದಿಲ್ಲ ಎಂದ ಬ್ರೇಕು. ಎತ್ತಬಾರದೆಂದರೆ ಎತ್ತದ ಮನುಷ್ಯ ಅವನು, ಅವಳಿಗೂ ಅದು ಗೊತ್ತಿತ್ತು. ಹಾಗಾಗಿ ಇಬ್ಬರಿಗೂ ಒಳಗೊಳಗೇ ಭಯ.

ಅವಳ ಹಳೆಯ, ಕಚ್ಚುವ ಪೆಡಲನ್ನೇ ಹಿಂದಿನ ಸೀಟಿಗೆ ಹಾಕಿದ್ದಾಯಿತು. ತೊಂದರೆಯಾದದ್ದು ಮುಂದಿನವನಿಗೆ. ಜೋಡಿ ಸೈಕಲ್ಲಿನಲ್ಲಿ ಎರಡೂ ಜೊತೆ ಪೆಡಲು ಒಂದೇ ಸರಪಳಿಗೆ ಕಟ್ಟುಬಿದ್ದವು, ಒಬ್ಬರು ತುಳಿದರೆ ಇನ್ನೊಬ್ಬರದೂ ತಿರುಗುತ್ತದೆ. ಬ್ರೇಕು ಹುಟ್ಟಿದಾಗಿನಿಂದ ಚಪ್ಪಟೆ ಪೆಡಲಿನ ಗಿರಾಕಿ. ಹೆಂಡತಿ ಹಿಂದಿನಿಂದ ಜೋರಾಗಿ ತುಳಿದಾಗ ಅವನ ಕಾಲು ಜಾರಿತು, ಪೆಡಲು ತಿರುಗಿ ಬಂದು ಮೊಣಕಾಲಿನ ಕೆಳಗೆ ಬಡಿಯಿತು. ಮೂಳೆಗೆ ಬಿದ್ದ ಪೆಟ್ಟು ಬುದ್ಧಿಗೆ ತಲುಪಿ, ಕಾಲು ಕಚ್ಚಿ ಹಿಡಿಯುವ ಪೆಡಲೇ ಬೇಕೆಂದು ತೀರ್ಮಾನವಾಯಿತು.

ಅಂಗಡಿಯಲ್ಲಿ ಅವನು ಕೈ ಹಾಕಿದ್ದು ಗಾಜಿನ ಕಪಾಟಿನೊಳಗಿನ ಕರಿಯ, ತೆಳ್ಳನೆಯ ಪೆಡಲುಗಳಿಗೆ. ಹಕ್ಕಿಯ ಪುಕ್ಕದಷ್ಟು ಹಗುರ ಎಂದು ಎಲ್ಲೋ ಓದಿಕೊಂಡು ಬಂದಿದ್ದ. ಭಾವಮೈದ ಬೆಲೆ ಹೇಳಿದ, ಬ್ರೇಕು ಅದನ್ನು ಮೆಲ್ಲಗೆ ವಾಪಸ್ ಇಟ್ಟ. ಪೆಡಲಿನಲ್ಲಿ ಉಳಿಸುವ ತೂಕವನ್ನು ಹೊಟ್ಟೆಯಲ್ಲಿ ಇಳಿಸಿಕೊಂಡರೆ ದುಡ್ಡೇ ಬೇಕಾಗಿಲ್ಲವಲ್ಲ ಎಂದಳು ಹೆಂಡತಿ. ಹೊಲಿಗೆ ನಿಂತ ಮೇಲೆ ಮನೆಯಲ್ಲಿ ಒಂದೇ ಸಂಬಳ, ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಗ್ಗದವುಗಳಲ್ಲಿ ಉಳಿದದ್ದು ಎರಡು ಬಗೆ. ಒಂದು ರೋಡ್ ಸೈಕಲ್ಲಿನವರ ಮಾಮೂಲಿ ಬಗೆ: ಬೂಟಿನ ತಳದಲ್ಲಿ ಉಬ್ಬಿಕೊಂಡ ಪ್ಲಾಸ್ಟಿಕ್ ತ್ರಿಕೋನ, ಪೆಡಲಿಗೆ ಒಂದೇ ಕಡೆ ಬಾಯಿ. ಕಾಲು ಅದರಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಹಾಕಿಕೊಂಡು ನಡೆದರೆ ಬಾತುಕೋಳಿಯ ನಡಿಗೆ. ಇನ್ನೊಂದು ಬೆಟ್ಟಗುಡ್ಡದ ಸೈಕಲ್ಲಿನವರ ಬಗೆ: ಲೋಹದ ಪುಟ್ಟ ತುಂಡು ಬೂಟಿನ ತಳದ ಗುಳಿಯೊಳಗೇ ಅಡಗಿರುತ್ತದೆ, ಪೆಡಲಿಗೆ ಎರಡೂ ಕಡೆ ಬಾಯಿ, ಸ್ವಲ್ಪ ಭಾರ. ಸವಾರರ ಗುಂಪು ಎರಡನೆಯದನ್ನು ಕಂಡರೆ ಮೂಗು ಮುರಿಯುತ್ತದೆ. ಬ್ರೇಕು ಮೊದಲನೆಯದರ ಕಡೆಗೆ ವಾಲಿದ. ಅಕ್ಕನ ಹತ್ತಿರವೂ ಅದೇ ಇದೆಯಲ್ಲ ಭಾವ, ಜೋಡಿ ಚೆನ್ನಾಗಿ ಕಾಣುತ್ತೆ ಎಂದು ಭಾವಮೈದ ಒಗ್ಗರಣೆ ಹಾಕಿದ.

ಹೆಂಡತಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ತಿರುಗಿಸಿ ನೋಡಿದಳು. ಒಂದು ಕಡೆಯ ಬಾಯಿಯದು ತಾನೇ ತಿರುಗಿ ತಲೆಕೆಳಗಾಗಿ ನಿಂತಿತು. ಇನ್ನೊಂದು ಹೇಗೆ ನಿಂತರೂ ಬಾಯಿ ಮೇಲೆ.

"ಇದನ್ನ ಕೊಡು," ಎಂದು ಭಾರದ್ದನ್ನು ತಮ್ಮನ ಕೈಗಿಟ್ಟಳು. ಆಮೇಲೆ ಗಂಡನ ಕಡೆಗೆ ಮುಖ ಮಾಡಿದಳು. "ಒಂದು ಬಾಯಿದಾದ್ರೆ ಪ್ರತಿ ಸಿಗ್ನಲ್ಲಲ್ಲೂ ಪೆಡಲ್ ಎಲ್ಲಿದೆ ಅಂತ ಕೆಳಗೆ ನೋಡ್ತೀರಾ. ನೀವು ಕೆಳಗೆ ನೋಡಬಾರದು. ನೋಡೋದು ಈಗ ನಿಮ್ಮೊಬ್ಬರ ಕೆಲಸ."

ಭಾವಮೈದ ಪೆಡಲು ಜೋಡಿಸಿದ. ಕಿಟಕಿಯ ಬಿಸಿಲಿಗೆ ಒಂದು ಕಾಲಿನದು ಬಣ್ಣ ಹೋಗಿದ್ದ ಬೂಟನ್ನು ಬ್ರೇಕುವಿಗೆ ಕಡಿಮೆಗೆ ಕೊಟ್ಟ. ಅಲೆನ್ ಕೀ ಹಾಕಿ ಸ್ಕ್ರೂ ತಿರುಗಿಸಿ, ಕಾಲು ಸಲೀಸಾಗಿ ಬಿಡಲೆಂದು ಪೆಡಲಿನ ಸ್ಪ್ರಿಂಗನ್ನು ಆದಷ್ಟೂ ಸಡಿಲ ಮಾಡಿದ. ಹೊರಡುವಾಗ ಜೋಡಿ ಸೈಕಲ್ಲಿನ ಒಂದೇ ನಿಯಮ ಹೇಳಿಕೊಟ್ಟ: ನಿಲ್ಲಿಸುವಾಗ ಮುಂದಿನವರು ಕಾಲು ಕೆಳಗಿಟ್ಟು ಇಡೀ ಸೈಕಲ್ ಹಿಡಿಯಬೇಕು. ಹಿಂದಿನವರು ಎರಡೂ ಕಾಲನ್ನು ಪೆಡಲಿನಲ್ಲೇ ಇಟ್ಟು ಸುಮ್ಮನೆ ಕೂರಬೇಕು. ಏನೇ ಆಗಲಿ ಹಿಂದಿನವರು ಕಾಲು ಕೆಳಗಿಡಬಾರದು ಅಕ್ಕ ಎಂದ. ಅಕ್ಕ ಹೂಂ ಎಂದಳು.

ಬ್ರೇಕು ವಾರವಿಡೀ ಮನೆಯ ಗೋಡೆಗೆ ಕೈ ಕೊಟ್ಟು ಟಕ್ ಹಾಕುವುದು, ಹಿಮ್ಮಡಿ ತಿರುಗಿಸುವುದು, ಬಿಡಿಸುವುದು ಮಾಡಿದ. ಗೋಡೆಯ ಸುಣ್ಣದ ಮೇಲೆ ಅವನ ಅಂಗೈ ಗುರುತು ಬಿತ್ತು. ಭಾನುವಾರ ಬೆಳಗ್ಗೆ ಇಬ್ಬರೂ ಹೊರಟರು. ನೇರ ರಸ್ತೆಯಲ್ಲಿ ಸೈಕಲ್ ಗಾಳಿಯ ಹಾಗೆ ಹೋಯಿತು. ಹೆಂಡತಿ ಹಾಡು ಗುನುಗಿದ್ದು ಬ್ರೇಕುವಿಗೆ ಕೇಳಿಸಿತು. ಅಷ್ಟರಲ್ಲಿ ದೊಡ್ಡ ಸಿಗ್ನಲ್ ಬಂತು.

ಬ್ರೇಕು ಸದ್ದಿಲ್ಲದೆ ನಿಧಾನ ಮಾಡಿದ, ಎಡಗಾಲು ಬಿಡಿಸಿದ, ಎಡಕ್ಕೆ ವಾಲಿದ. ಅದೇ ಗಳಿಗೆಯಲ್ಲಿ ಹಿಂದಿನಿಂದ ಟಕ್ ಎಂದಿತು. ಹೆಂಡತಿ ತನ್ನ ಬಲಗಾಲು ಬಿಡಿಸಿ ಬಲಕ್ಕೆ ಇಳಿದಿದ್ದಳು. ಸೈಕಲ್ ಅವಳ ಮಾತು ಕೇಳಿತು. ಬಲಗಾಲು ಕಚ್ಚಿಕೊಂಡೇ ಇದ್ದ ಬ್ರೇಕು ಬಲಕ್ಕೆ ಉರುಳಿ ಮಗ್ಗುಲಾಗಿ ಬಿದ್ದ. ಹೆಂಡತಿ ಇನ್ನೊಂದು ಕಾಲನ್ನೂ ಬಿಡಿಸಿಕೊಂಡು, ತನ್ನ ಕಾಲ ಮೇಲೆ ತಾನು ನೆಟ್ಟಗೆ ನಿಂತಿದ್ದಳು. ಪಕ್ಕದ ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡಿದರು.

ಮನೆಯವರೆಗೂ ಸೈಕಲ್ ತಳ್ಳಿಕೊಂಡು ಬಂದರು. ಬ್ರೇಕು ಮೊಣಕೈ ತೊಳೆದುಕೊಂಡು ಬರುವಷ್ಟರಲ್ಲಿ ಹೆಂಡತಿ ತನ್ನ ಬೂಟನ್ನು ಒರೆಸಿ, ಲೇಸು ಒಳಗೆ ಮಡಚಿ, ಒಂದು ಡಬ್ಬದಲ್ಲಿ ಇಟ್ಟಾಗಿತ್ತು. ಡಬ್ಬದ ಮುಚ್ಚಳ ಹಾಕಿರಲಿಲ್ಲ. ಅವನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತ. ಸೈಕಲ್ ಸುದ್ದಿ ಎತ್ತಲಿಲ್ಲ. ಹೆಂಡತಿಯೇ ಎತ್ತಿದಳು.

"ನಿಯಮ ಮರೆತೆ ಅಂದ್ಕೊಂಡ್ರಾ? ಮರೀಲಿಲ್ಲ. ನೀವು ನಿಲ್ಲಿಸ್ತಿದ್ದೀರೋ, ತಿರುಗಿಸ್ತಿದ್ದೀರೋ, ಮುಂದೆ ಲಾರಿ ಇದೆಯೋ, ನನಗೆ ಏನೂ ಗೊತ್ತಾಗಲ್ಲ. ಕಣ್ಣಂತೂ ಹೋಯ್ತು. ಕಾಲನ್ನೂ ನಿಮ್ಮ ಕೈಗೆ ಕೊಟ್ಟು ಕೂತ್ಕೊ ಅಂದ್ರೆ ಭಯ ಆಗುತ್ತೆ ರೀ."

ಮೂವತ್ತು ವರ್ಷಕ್ಕೆ ಹತ್ತಿರದ ಸಂಸಾರದಲ್ಲಿ ಅವಳು ಭಯ ಎಂಬ ಮಾತು ಆಡಿದ್ದು ಬ್ರೇಕುವಿಗೆ ನೆನಪಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಹೇಳಿ ಮುಗಿಸುತ್ತಿದ್ದರು. ಅವನು ತನಗೆ ಗೊತ್ತಿದ್ದ ಒಂದೇ ಕಸುಬಿನ ಕಡೆಗೆ ಹೋದ.

ಲಿಫ್ಟ್ ರಿಪೇರಿಗೆ ಯಾವಾಗಲೂ ಇಬ್ಬರು ಹೋಗುತ್ತಾರೆ ಎಂದ. ಒಬ್ಬ ಲಿಫ್ಟಿನ ನೆತ್ತಿಯ ಮೇಲೆ, ಕತ್ತಲಲ್ಲಿ. ಇನ್ನೊಬ್ಬ ಮೇಲೆ ಮೋಟಾರಿನ ಕೋಣೆಯಲ್ಲಿ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಮೇಲಿನವನು ಇಳಿಸ್ತೀನಿ ಎಂದು ಕೂಗಬೇಕು, ಕೆಳಗಿನವನು ಇಳಿಸು ಎಂದು ತಿರುಗಿ ಕೂಗಬೇಕು. ಆ ಮಾತು ಬರುವ ತನಕ ಯಾರು ಬಂದು ಹೇಳಿದರೂ ಮೋಟಾರು ಮುಟ್ಟುವ ಹಾಗಿಲ್ಲ. ಇಷ್ಟು ವರ್ಷ ಮಾಡಿದ್ದೇನೆ, ಸೈಕಲ್ ಮೇಲೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದೆ ಎಂದ. ಅವನ ಮಟ್ಟಿಗೆ ಅದೊಂದು ಭಾಷಣ.

"ಕತ್ತಲಲ್ಲಿ ನಿಂತವನು ಕಾಲು ಎಲ್ಲಿಡ್ತಾನೆ?" ಎಂದು ಕೇಳಿದಳು ಹೆಂಡತಿ.

"ಎಲ್ಲೂ ಇಡಲ್ಲ. ಮಾತಿನ ಮೇಲೆ ನಿಂತಿರ್ತಾನೆ."

ಅವಳು ಡಬ್ಬದಿಂದ ಬೂಟು ಹೊರತೆಗೆದಳು. ಆಮೇಲೆ ಅಲೆನ್ ಕೀ ಕೊಡಿ ಎಂದಳು. ಅಂಗಳಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂತು, ತನ್ನ ಪೆಡಲಿನ ಸ್ಕ್ರೂವನ್ನು ಬೆರಳಿನಿಂದ ಹುಡುಕಿ ಬಿಗಿ ಮಾಡಿದಳು. ಕಾಲು ತಾನಾಗಿ ಬಿಡಿಸಿಕೊಳ್ಳಲು ಹೋದರೆ ಸುಲಭಕ್ಕೆ ಬರದ ಹಾಗೆ.

ಮುಂದಿನ ಭಾನುವಾರ ಅದೇ ರಸ್ತೆ. ದಾರಿಯುದ್ದಕ್ಕೂ ಬ್ರೇಕು ಮಾತಾಡಿದ. ಎಡಕ್ಕೆ, ಗುಂಡಿ, ಗೇರು, ಲಾರಿ ದಾಟ್ತೀನಿ. ಪ್ರತಿಯೊಂದನ್ನೂ ಹೆಂಡತಿ ಹಿಂದಿನಿಂದ ತಿರುಗಿ ಹೇಳಿದಳು, ಒಂದೆರಡು ಸಲ ಅವನ ದನಿಯನ್ನೇ ಅಣಕಿಸಿ. ಪಕ್ಕದಲ್ಲಿ ಹೋಗುತ್ತಿದ್ದ ಗುಂಪಿನವರು ಬ್ರೇಕುವಿಗೆ ಬಾಯಿ ಬಂತೆಂದು ನಕ್ಕರು. ದೊಡ್ಡ ಸಿಗ್ನಲ್ ಬಂತು.

"ನಿಲ್ತೀನಿ," ಎಂದ.

ಅವನು ಬ್ರೇಕಿನ ಮೇಲೆ ಬೆರಳಿಟ್ಟು ಕಾದ.

"ನಿಲ್ಲಿ," ಎಂದಳು.

ಎಡಗಾಲು ನೆಲಕ್ಕೆ ಬಂತು. ಟಕ್ ಎಂದದ್ದು ಒಂದೇ ಸಲ. ಸೈಕಲ್ಲಿನ ಭಾರವೂ ಅವಳ ಭಾರವೂ ಒಟ್ಟಿಗೆ ಅವನ ತೊಡೆಗೆ ಇಳಿದು ನಿಂತವು. ಅವನು ಹಲ್ಲು ಕಚ್ಚಿ ಹಿಡಿದುಕೊಂಡ. ಹಿಂದೆ ಏನೋ ಸರಸರ ಸದ್ದಾಯಿತು. ತಿರುಗಿ ನೋಡುವ ಹಾಗಿರಲಿಲ್ಲ. ಪಕ್ಕದ ಕಾರಿನ ಗಾಜಿನಲ್ಲಿ ಕಂಡಿತು: ಹೆಂಡತಿ ಎರಡೂ ಕಾಲು ಪೆಡಲಿನಲ್ಲಿಟ್ಟುಕೊಂಡು, ಎರಡೂ ಕೈ ಬಿಟ್ಟು, ಹೆಲ್ಮೆಟ್ಟಿನ ಹಿಂದೆ ಬಿಚ್ಚಿಹೋಗಿದ್ದ ಕೂದಲನ್ನು ಕಟ್ಟಿಕೊಳ್ಳುತ್ತಿದ್ದಳು.

ದೀಪ ಹಸಿರಾಯಿತು.

"ಹೊರಡ್ತೀನಿ," ಎಂದ ಬ್ರೇಕು.

ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಯಾರೋ ಬೈದರು. ಅವನು ಅಲುಗಾಡದೆ ನಿಂತ.

ಅವಳು ಕೂದಲ ಗಂಟನ್ನು ಇನ್ನೊಂದು ಸಲ ಬಿಗಿ ಮಾಡಿಕೊಂಡು, ಕೈಗಳನ್ನು ಕೆಳಗಿಳಿಸಿ, "ಹೊರಡಿ," ಎಂದಳು.