ಉರಿಯದ ನೀರು

ಶಿವಕುಮಾರನ ಗಡ್ಡಕ್ಕೆ ಏಳು ತಿಂಗಳು ತುಂಬುವ ಹೊತ್ತಿಗೆ ಅವನ ಮಗಳು ಹುಟ್ಟಿದಳು. ಹೆಂಡತಿ ಬಸುರಿಯಾದರೆ ಗಂಡ ಗಡ್ಡಕ್ಕೆ ಕತ್ತಿ ಮುಟ್ಟಿಸಬಾರದು, ಹೆರಿಗೆಯಾಗಿ ಹನ್ನೊಂದನೇ ದಿನ ಪುರುಡು ಕಳೆಯುವವರೆಗೂ ಹಾಗೇ ಬಿಡಬೇಕು ಎನ್ನುವುದು ಅವನ ತಾಯಿ ಉಚ್ಚಂಗಮ್ಮನ ಕಟ್ಟಪ್ಪಣೆ. ಬೇರೆ ಗಂಡಸರು ಇಂಥ ನೇಮಕ್ಕೆ ಗೊಣಗುತ್ತಾರೆ. ಶಿವಕುಮಾರ ಅಮ್ಮನ ಮಾತನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದ. ಅಷ್ಟೊಂದು ಮಾತೃಭಕ್ತಿ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

ಗುಟ್ಟು ಏನೆಂದರೆ, ಅವನ ಮುಖಕ್ಕೂ ಬ್ಲೇಡಿಗೂ ಮೊದಲಿನಿಂದ ಆಗಿಬರದು. ಅವನದು ಗುಂಗುರು ಕೂದಲು. ಬೋಳಿಸಿದ ಮಾರನೇ ದಿನವೇ ಕೂದಲ ತುದಿ ಚರ್ಮದೊಳಗೇ ಸುರುಳಿ ಸುತ್ತಿಕೊಂಡು, ಗಲ್ಲ ಕುತ್ತಿಗೆಯೆಲ್ಲ ಕೆಂಪು ಗುಳ್ಳೆ ಎದ್ದು, ಕೆಲವು ಕೀವು ತುಂಬಿ ಕೂರುತ್ತಿದ್ದವು. ಮದುವೆಯ ಹಿಂದಿನ ದಿನ ಸಲೂನಿನವನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಬ್ಲೇಡು ಎಳೆದು, ಪಟಿಕ ತಿಕ್ಕಿ ಕಳಿಸಿದ್ದ. ಆಲ್ಬಮ್ಮಿನಲ್ಲಿ ನೋಡಿದರೆ, ಬಂದ ನೆಂಟರೆಲ್ಲ ಅಕ್ಷತೆಯನ್ನು ಅವನ ಮುಖಕ್ಕೇ ಗುರಿಯಿಟ್ಟು ಎಸೆದು ಅಂಟಿಸಿದ ಹಾಗಿದೆ. ಅವತ್ತಿನಿಂದ ಅವನು ಆಲ್ಬಮ್ ತೆರೆಯುವುದನ್ನೇ ಬಿಟ್ಟಿದ್ದ.

ಮಗು ಹುಟ್ಟಿದ್ದು ಶನಿವಾರ, ಭದ್ರಾವತಿಯಲ್ಲಿ. ಚೊಚ್ಚಲ ಹೆರಿಗೆಯಾದ್ದರಿಂದ ಹೆಂಡತಿ ಯಶೋಧರಾ ಹಳೇನಗರದ ತವರಿಗೆ ಹೋಗಿದ್ದಳು. ಭಾನುವಾರ ಬೆಳಿಗ್ಗೆ ಶಿವಕುಮಾರ ಶಿವಮೊಗ್ಗದ ವಿನೋಬನಗರದಿಂದ ಬೈಕಿನಲ್ಲಿ ಅಲ್ಲಿನ ಆಸ್ಪತ್ರೆಗೆ ಹಾರಿಕೊಂಡೇ ಬಂದ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ದಿನಾ ಟನ್ನುಗಟ್ಟಲೆ ಕರಗಿದ ಕಬ್ಬಿಣ ಸುರಿಯುವ ಆ ಕೈಗಳು ಎರಡು ಮುಕ್ಕಾಲು ಕಿಲೋದ ಮಗುವನ್ನು ಎತ್ತುವಾಗ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ತಡಕಾಡಿದವು. ಖುಷಿ ತಡೆಯಲಾರದೆ ಅವನು ಮಗಳ ಕೆನ್ನೆಗೆ ಕೆನ್ನೆ ಒತ್ತಿದ. ಮಗು ವಾರ್ಡಿನ ಗೋಡೆ ಬಿರಿಯುವಂತೆ ಕಿರುಚಿತು. ಎಳೇ ಕೆನ್ನೆಯ ಮೇಲೆ ಕೆಂಪು ಗೆರೆಗಳು ಮೂಡಿದ್ದವು.

"ಕೊಡಿ ಇಲ್ಲಿ!" ಯಶೋಧರಾ ಮಗುವನ್ನು ಕಿತ್ತುಕೊಂಡಳು. "ಅದೇನು ಕೆನ್ನೆನಾ, ತೆಂಗಿನ ನಾರಾ? ಗಡ್ಡ ಹೋಗೋವರ್ಗೂ ಅವಳ ಮುಖದ ಹತ್ರ ಬರ್ಬೇಡಿ. ಹಂಗಂತ ಮದುವೆ ಆಲ್ಬಮ್ಮಲ್ಲಿರೋ ಆ ಗುಳ್ಳೆ ಮುಖ ತಗೊಂಡು ಬಂದ್ರೂ ಕೊಡಲ್ಲ ನಾನು. ಕೀವಾಗಿರೋ ಮುಖನ ಕೂಸಿಗೆ ತಾಗಿಸ್ತಾರಾ ಯಾರಾದ್ರೂ?"

ಶಿವಕುಮಾರ ಗಡ್ಡ ಕೆರೆದುಕೊಂಡ. ಗಡ್ಡ ಇದ್ದರೂ ಇಲ್ಲ, ತೆಗೆದರೂ ಇಲ್ಲ. ಹಾಗಾದರೆ ಮಗಳನ್ನು ಮುದ್ದಿಸುವುದು ಯಾವಾಗ? ಹನ್ನೊಂದನೇ ದಿನ ನಾಮಕರಣ. ಅವತ್ತು, ಎಲ್ಲರೆದುರು, ಮಗಳ ಕೆನ್ನೆಗೆ ಕೆನ್ನೆ ಒತ್ತಿಯೇ ತೀರಬೇಕು ಎಂದು ಅವನು ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ತೀರ್ಮಾನಿಸಿಬಿಟ್ಟ. ಹೇಗೆ ಎನ್ನುವುದು ಗೊತ್ತಿರಲಿಲ್ಲ. ಆದರೂ ಮನೆ ಮುಟ್ಟುವವರೆಗೂ ಹೆಲ್ಮೆಟ್ಟಿನೊಳಗೆ ನಗುತ್ತಲೇ ಇದ್ದ.

ದಾರಿ ತೋರಿಸಿದವಳು ಮೇಲಿನ ಮನೆಯ ಮಂಜುಶ್ರೀ. ದುರ್ಗಿಗುಡಿಯಲ್ಲಿ ಚರ್ಮದ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ. ಯಶೋಧರಾಳ ಗೆಳತಿ ಬೇರೆ. ಡಾಕ್ಟರನ್ನು ಕೇಳಿಕೊಂಡೇ ಅವಳು ಬುಧವಾರ ಒಂದು ಬಾಟಲಿ ತಂದುಕೊಟ್ಟಳು.

"ಇದು ವಿಚ್ ಹೇಜಲ್ ಅಂತ, ಶಿವಣ್ಣ. ಹೊರದೇಶದ ಯಾವುದೋ ಪೊದೆಯ ತೊಗಟೆ, ಎಲೆಯಿಂದ ತೆಗೆದ ನೀರು. ಸ್ಪಿರಿಟ್ ಇಲ್ಲದ್ದೇ ಬೇಕು ಅಂತ ನೋಡಿ ತಂದಿದೀನಿ. ಶೇವ್ ಆದ್ಮೇಲೆ ಹತ್ತಿಯಲ್ಲಿ ಅದ್ದಿ ಒತ್ತಿ, ತಿಕ್ಕಬೇಡಿ. ಕೆಂಪು, ಊತ ಇಳಿಯುತ್ತೆ. ಆದ್ರೆ ಇದೊಂದೇ ಪವಾಡ ಮಾಡಲ್ಲ. ಬಿಸಿನೀರಿನ ಬಟ್ಟೆ ಐದು ನಿಮಿಷ ಇಡಿ, ಹೊಸ ಬ್ಲೇಡು ಹಾಕಿ, ಕೂದಲು ಹೋಗೋ ದಿಕ್ಕಿಗೇ ಒಂದೇ ಸಲ ಎಳೀರಿ. ನಿಧಾನ. ಮೊದಲು ಕುತ್ತಿಗೆ ಹತ್ರ ಎರಡು ಬೆರಳಗಲ ಮಾಡಿ ನೋಡಿ."

ಉಚ್ಚಂಗಮ್ಮ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. "ಒಳ್ಳೇ ನೇರಳೆ ತೊಗಟೆ ನೆನೆಹಾಕಿದ ನೀರಿದ್ದಂಗಿದೆಯಲ್ಲೇ. ಒಗರು ಇರ್ಬೇಕು. ಒಗರಿದ್ರೆ ಚರ್ಮ ಬಿಗೀತದೆ," ಎಂದು ಪರೀಕ್ಷೆ ಬರೆಸಿದ ಮೇಷ್ಟರಂತೆ ತಲೆಯಾಡಿಸಿದಳು.

ಅವತ್ತು ಸಂಜೆ ಶಿವಕುಮಾರ ಅಮ್ಮನ ಕಣ್ಣುತಪ್ಪಿಸಿ ಬಚ್ಚಲು ಸೇರಿದ. ದವಡೆಯ ಕೆಳಗೆ, ಗಡ್ಡ ಮುಚ್ಚುವ ಜಾಗದಲ್ಲಿ, ಎರಡು ಬೆರಳಗಲ ಬೋಳಿಸಿದ. ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದ. ಹತ್ತಿಯಲ್ಲಿ ವಿಚ್ ಹೇಜಲ್ ಅದ್ದಿ ಒತ್ತಿದ. ಹಲ್ಲು ಕಚ್ಚಿಕೊಂಡು ಉರಿಗಾಗಿ ಕಾದ.

ಉರಿಯಲಿಲ್ಲ. ತಣ್ಣಗಾಯಿತು, ಅಷ್ಟೇ.

ಅವನಿಗೆ ಅನುಮಾನ ಬಂತು. ಫೌಂಡ್ರಿಯ ಜನರ ವೈದ್ಯವೇ ಬೇರೆ. ಕಿಡಿ ಸಿಡಿದು ಕೈ ತರಚಿದರೆ, ಹಚ್ಚಿದ ಔಷಧಿ ಕಣ್ಣಲ್ಲಿ ನೀರು ಬರಿಸಬೇಕು. "ಉರಿದ್ರೆ ಔಷಧಿ ಹತ್ತಿದೆ ಅಂತ ಅರ್ಥ ಕಣೋ" ಎಂದು ಅವನ ಮೇಸ್ತ್ರಿ ಓಂಕಾರಪ್ಪ ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಟ್ಟಿದ್ದ. ಹತ್ತು ವರ್ಷದಿಂದ ಶಿವಕುಮಾರ ಅದನ್ನು ನಂಬಿಕೊಂಡೇ ಬಂದವನು. ಉರಿಯದ್ದು ಔಷಧಿಯೇ ಅಲ್ಲ, ಬರೀ ನೀರು. ಮಂಜುಶ್ರೀಗೆ ಅಂಗಡಿಯವನು ಟೋಪಿ ಹಾಕಿದ್ದಾನೆ. ಹೀಗೆಂದುಕೊಂಡು ಅವನು ಕಪಾಟಿನ ಹಿಂದೆ ಧೂಳು ಹಿಡಿದಿದ್ದ ಹಳೆಯ ಆಫ್ಟರ್‌ಶೇವಿನ ನೀಲಿ ಬಾಟಲಿ ತೆಗೆದ. ಅಂಗೈಗೆ ಸುರಿದು ಆ ಎರಡು ಬೆರಳಗಲಕ್ಕೆ ಚಟಾರನೆ ಬಡಿದ. ನೆತ್ತಿಯವರೆಗೂ ಉರಿ ಏರಿತು. ಆಹಾ, ಈಗ ಹತ್ತಿತು ಎಂದು ನೆಮ್ಮದಿಯಿಂದ ಉಂಡು ಮಲಗಿದ.

ಬೆಳಿಗ್ಗೆ ಆ ಎರಡು ಬೆರಳಗಲದ ತುಂಬ ಗುಳ್ಳೆ.

ಗುರುವಾರ ಸಂಜೆ ಅವನು ಮಂಜುಶ್ರೀಯ ಬಾಗಿಲಲ್ಲಿ ಬಾಟಲಿ ಹಿಡಿದು ನಿಂತಿದ್ದ. ಅಳುವುದೊಂದು ಬಾಕಿ. "ಡೂಪ್ಲಿಕೇಟ್ ಕೊಟ್ಟಿದಾರೆ ಮಾರಾಯ್ತಿ ನಿನಗೆ. ನೋಡು ಇಲ್ಲಿ. ಮಂಗಳವಾರ ನಾಮಕರಣ. ನನ್ನ ಮಗಳು ನನ್ನ ಹತ್ರಾನೇ ಬರಲ್ಲ."

ಮಂಜುಶ್ರೀ ಕುತ್ತಿಗೆ ನೋಡಿದಳು, ಮೂಗು ಅರಳಿಸಿದಳು. "ಇದರ ಮೇಲೆ ಬೇರೇನೂ ಹಚ್ಚಲಿಲ್ಲ ತಾನೆ?"

"ಇಲ್ಲ... ಒಂಚೂರು... ಆ ನೀಲಿ ಬಾಟಲಿದು."

"ಯಾಕೆ?"

"ಇದು ಉರೀಲಿಲ್ಲ."

ಅವಳು ಹಣೆ ಚಚ್ಚಿಕೊಂಡಳು. "ಉರಿಬಾರ್ದು ಅಂತಲೇ ಅಲ್ವೇನ್ರೀ ಸ್ಪಿರಿಟ್ ಇಲ್ಲದ್ದು ಹುಡುಕಿ ತಂದಿದ್ದು! ಸುಟ್ಟಿರೋ ಚರ್ಮನ ಮತ್ತೆ ಸುಟ್ರೆ ಅದೇನು ಮಾಡುತ್ತೆ? ನಿಮ್ಮ ಮುಖ ಏನು ಫರ್ನೇಸಾ, ಮಾರಾಯ್ರೆ?"

ಶಿವಕುಮಾರನಿಗೆ ಅಷ್ಟು ನಾಚಿಕೆ ಮದುವೆಯ ದಿನವೂ ಆಗಿರಲಿಲ್ಲ. ಆದರೆ ನಾಚಿಕೆಯ ಹಿಂದೆಯೇ ಒಂದು ಆಸೆ ತಲೆಯೆತ್ತಿತು. ತಪ್ಪು ನೀರಿನದಲ್ಲ, ತನ್ನದು. ಹಾಗಾದರೆ ಇನ್ನೂ ದಾರಿ ಇದೆ! ನೀಲಿ ಬಾಟಲಿಯನ್ನು ಅವನು ಅಲ್ಲಿಂದ ಬಂದವನೇ ಬಚ್ಚಲಿಗೆ ಸುರಿದ. ಶುಕ್ರವಾರ, ಶನಿವಾರ, ಭಾನುವಾರ, ಬೆಳಿಗ್ಗೆ ಸಂಜೆ ಕುತ್ತಿಗೆಗೆ ತಣ್ಣನೆಯ ವಿಚ್ ಹೇಜಲ್ ಒತ್ತಿದ, ಬೇರೇನನ್ನೂ ಮುಟ್ಟಿಸಲಿಲ್ಲ. ಗುಳ್ಳೆಗಳು ಒಂದೊಂದಾಗಿ ಅಡಗಿದವು. ಕೆಂಪು ತಿಳಿಯಾಯಿತು. ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಂಡ. ಮದುವೆಗೆ ಮುಂಚೆಯೂ ಅವನು ಅಷ್ಟು ಕನ್ನಡಿ ನೋಡಿರಲಿಲ್ಲ.

ಈಗ ಉಳಿದ ತೊಡಕು ಉಚ್ಚಂಗಮ್ಮನದು. ಹನ್ನೊಂದನೇ ದಿನ ಮಂಗಳವಾರ. ಮಂಗಳವಾರ ಸಲೂನುಗಳಿಗೇ ಬೀಗ, ಇನ್ನು ಅವಳ ಮನೆಯಲ್ಲಿ ಬ್ಲೇಡು ಹಿಡಿಯುವುದುಂಟೆ?

"ಸೋಮವಾರವೇ ತೆಗಿ ಮಗಾ," ಎಂದಳು ಅವಳು. "ಒಂದಿನ ಮುಂಚೆ ಆದ್ರೆ ತಪ್ಪೆಣಿಸ್ಬೇಡ ಅಂತ ದೇವ್ರಿಗೆ ಕೈಮುಗಿದು ಕೇಳ್ಕೊಂಡಿದೀನಿ. ಆದ್ರೆ ದೀಪ ಹಚ್ಚೋದ್ರೊಳಗೆ ಮುಗೀಬೇಕು. ಹಚ್ಚಿದ್ಮೇಲೆ ಬ್ಲೇಡ್ ಕಂಡ್ರೆ, ನೀನು ಗಡ್ಡ ಇಟ್ಕೊಂಡೇ ಭದ್ರಾವತಿಗೆ ನಡಿ."

ಸೋಮವಾರ ಅವನದು ಬೆಳಗಿನ ಆರರ ಪಾಳಿ. ಎರಡಕ್ಕೆ ಬಿಡುಗಡೆ. ದೀಪಕ್ಕೆ ಮುಂಚೆ ನಾಲ್ಕು ಗಂಟೆ ಕೈಯಲ್ಲಿರುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ಎರಡರ ಪಾಳಿಗೆ ಬರಬೇಕಾದವನು ಬರಲಿಲ್ಲ. ಫರ್ನೇಸಿನಲ್ಲಿ ಕಬ್ಬಿಣ ಕರಗಿ ಕೂತಿತ್ತು. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯದೆ ಬಿಟ್ಟು ಹೋಗುವ ಹಾಗಿಲ್ಲ. ಅದು ಅಲ್ಲೇ ಹೆಪ್ಪುಗಟ್ಟಿದರೆ ಫರ್ನೇಸೇ ಹಾಳು.

"ಓಂಕಾರಣ್ಣ, ನನ್ನ ಮಗಳದು ನಾಳೆ..." ಎಂದು ಅವನು ಬಾಯಿ ತೆರೆದ.

"ಗೊತ್ತು ಕಣೋ, ವಾರದಿಂದ ಅದೇ ಹಾಡು ಕೇಳ್ತಿದೀನಿ. ಬಾ, ಇಬ್ರೂ ಸೇರಿ ಸುರಿದು ಬಿಡೋಣ," ಎಂದು ಓಂಕಾರಪ್ಪ ತಾನೇ ಕೈಗವಸು ಏರಿಸಿದ.

ಕೊನೆಯ ಅಚ್ಚು ತುಂಬುವಾಗ ಐದು ಗಂಟೆ. ಬೆವರಿಗೆ ಕುತ್ತಿಗೆ ಚುರುಗುಟ್ಟುತ್ತಿತ್ತು. ಶಿವಕುಮಾರ ಬೈಕನ್ನು ಹೇಗೆ ಓಡಿಸಿದನೋ, ಯಾವ ಸಿಗ್ನಲ್ಲಿನಲ್ಲಿ ಎಷ್ಟು ಹೊತ್ತು ಹಲ್ಲು ಕಡಿದುಕೊಂಡು ನಿಂತನೋ! ವಿನೋಬನಗರ ಮುಟ್ಟಿದಾಗ ಬಿಸಿಲು ಎದುರು ಮನೆಯ ನೀರಿನ ಟ್ಯಾಂಕಿನ ತುದಿಗೆ ಹೋಗಿತ್ತು.

"ಬಂದೆ, ಬಂದೆ!" ಎನ್ನುತ್ತ ಬಚ್ಚಲಿಗೆ ನುಗ್ಗಿದ. ಟ್ರಿಮ್ಮರಿನಿಂದ ಗಡ್ಡ ಗಿಡ್ಡ ಮಾಡಿ, ಮುಖ ತೊಳೆದು, ಬಿಸಿನೀರಿನ ಬಟ್ಟೆ ಹೊದ್ದು ಕೂತ. ಐದು ನಿಮಿಷ. ಆ ಐದು ನಿಮಿಷ ಏಳು ತಿಂಗಳಿಗಿಂತ ಉದ್ದವಾಗಿದ್ದವು. ನೊರೆ ಹಚ್ಚಿದ. ಹೊಸ ಬ್ಲೇಡು. ಎಡಗೆನ್ನೆ ಮುಗಿಯಿತು.

"ಹೊತ್ತು ಮುಳುಗ್ತಾ ಇದೆ ಕಣೋ," ಹೊರಗಿನಿಂದ ಉಚ್ಚಂಗಮ್ಮನ ದನಿ.

ಕೈ ಓಡತೊಡಗಿತು. ಕೂದಲಿಗೆ ಎದುರಾಗಿ ಎರಡು ಎಳೆತ ಎಳೆದರೆ ಒಂದೇ ನಿಮಿಷದ ಕೆಲಸ. ಬ್ಲೇಡು ಬಲಗೆನ್ನೆಯ ಮೇಲೆ ತಿರುಗಿಯೂ ಬಿಟ್ಟಿತು. ಅಷ್ಟರಲ್ಲಿ ಮಗಳ ಕೆನ್ನೆಯ ಆ ಕೆಂಪು ಗೆರೆ ನೆನಪಾಗಿ ಅವನು ಕೈ ತಡೆದ. ಉಸಿರು ಬಿಟ್ಟ. ಕೂದಲು ಹೋಗುವ ದಿಕ್ಕಿಗೇ, ನಿಧಾನವಾಗಿ ಇಳಿಸಿದ. ಆದರೆ ಕುತ್ತಿಗೆ ಇನ್ನೂ ಪೂರ್ತಿ ಬಾಕಿ, ಕಿಟಕಿಯಲ್ಲಿ ಬೆಳಕು ಮಂಕಾಗಿತ್ತು. ಸೋತೆ ಎಂದುಕೊಂಡು ಅವನು ಬಚ್ಚಲ ಬಾಗಿಲ ಸಂದಿಯಿಂದ ದೇವರ ಗೂಡಿನತ್ತ ಇಣುಕಿದ.

ಉಚ್ಚಂಗಮ್ಮ ಎಣ್ಣೆ ಬತ್ತಿ ಹಾಕಿದ ದೀಪದ ಮುಂದೆ ನಿಂತಿದ್ದಳು. "ಈ ಬೆಂಕಿಪೊಟ್ಟಣ ಎಲ್ಲಿಟ್ನೋ, ಹಾಳಾದ್ದು ಕೈಗೇ ಸಿಗ್ತಿಲ್ಲ," ಎಂದು ಜೋರಾಗಿ ಗೊಣಗುತ್ತಿದ್ದಳು. ಬೆಂಕಿಪೊಟ್ಟಣ ಅವಳ ಬಲಗೈ ಮುಷ್ಟಿಯಲ್ಲಿತ್ತು.

ಶಿವಕುಮಾರನಿಗೆ ಅಮ್ಮನನ್ನು ಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಆದರೆ ಕುತ್ತಿಗೆಯ ತುಂಬ ನೊರೆ. ತಿರುಗಿ ಕನ್ನಡಿಯ ಮುಂದೆ ನಿಂತು, ಆತುರವಿಲ್ಲದೆ, ಕುತ್ತಿಗೆಯ ಕೊನೆಯ ಕೂದಲವರೆಗೂ ಮುಗಿಸಿದ. ತಣ್ಣೀರು ಎರಚಿಕೊಂಡ. ಹತ್ತಿಯಲ್ಲಿ ವಿಚ್ ಹೇಜಲ್ ಅದ್ದಿ ಒತ್ತಿದ. ಉರಿಯಲಿಲ್ಲ. ಈ ಸಲ ಅದೇ ಅವನಿಗೆ ಹಬ್ಬವಾಯಿತು. "ಆಯ್ತಮ್ಮಾ!" ಎಂದು ಕೂಗಿದ.

"ಅಯ್ಯೋ, ಇಲ್ಲೇ ಇತ್ತಲ್ಲ ಪೊಟ್ಟಣ," ಎಂದು ಉಚ್ಚಂಗಮ್ಮ ಕಡ್ಡಿ ಗೀರಿದಳು.

ಮಂಗಳವಾರ ಬೆಳಿಗ್ಗೆ ಅವನು ಏಳುತ್ತಲೇ ಕೆನ್ನೆ ಸವರಿಕೊಂಡ. ಕನ್ನಡಿಗೆ ಓಡಿದ. ದವಡೆಯ ಮೂಲೆಯಲ್ಲಿ ಒಂದೇ ಒಂದು ಸಣ್ಣ ಕೆಂಪು ಚುಕ್ಕೆ. ಅದಕ್ಕೂ ಒಂದು ಹತ್ತಿ ಒತ್ತಿದ. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಭದ್ರಾವತಿಗೆ ಹೊರಟಾಗ ಅವನ ಬಾಯಿ ಮುಚ್ಚಿದ್ದರೆ ಕೇಳಿ. ಹಳೇನಗರದ ಮನೆಯಲ್ಲಿ ಅತ್ತೆಗೆ ಅಳಿಯನ ಗುರುತೇ ಹತ್ತಲಿಲ್ಲ. ಯಶೋಧರಾ ಮಾತ್ರ ಮಗುವನ್ನು ಎದೆಗವಚಿಕೊಂಡು, ಎಡಗೈಯ ಹಿಂಭಾಗದಿಂದ ಅವನ ಕೆನ್ನೆ, ಗಲ್ಲ, ಕುತ್ತಿಗೆಯನ್ನು ತಪಾಸಣೆ ಮಾಡಿದಳು. ಎರಡು ಸಲ ಮಾಡಿದಳು.

"ಹ್ಞೂಂ. ತಗೊಳ್ಳಿ," ಎಂದಳು.

ಅವನು ಮಗಳನ್ನು ಎತ್ತಿಕೊಂಡ. ಮೆತ್ತಗೆ, ಕೆನ್ನೆಗೆ ಕೆನ್ನೆ ತಾಗಿಸಿದ. ಮಗು ಅಳಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, ಮೂತಿ ತಿರುಗಿಸಿ, ಬಾಯಿ ತೆರೆದು ಅವನ ಕೆನ್ನೆಯ ಮೇಲೆಲ್ಲ ಹಾಲು ಹುಡುಕತೊಡಗಿತು.

"ಅಯ್ಯೋ, ನಿಮ್ಮನ್ನ ನಾನು ಅಂದ್ಕೊಂಡಿದಾಳೆ ರೀ!" ಯಶೋಧರಾ ಬಿದ್ದು ಬಿದ್ದು ನಕ್ಕಳು. ನೆರೆದವರೆಲ್ಲ ನಕ್ಕರು.

ಶಿವಕುಮಾರನ ಕಣ್ಣು ತುಂಬಿ ಹರಿಯಿತು. ಉಪ್ಪುನೀರು ಹೊಸದಾಗಿ ಬೋಳಿಸಿದ ಕೆನ್ನೆಯ ಮೇಲೆ ಇಳಿದು ಚುರ್ರೆಂದು ಉರಿಯಿತು. ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಉರಿಯಲಿ ಬಿಡು, ಹತ್ತಿದೆ ಎಂದುಕೊಂಡು ಅವನು ಮಗಳನ್ನು ಇನ್ನಷ್ಟು ಒತ್ತಿಕೊಂಡ.