ಹಕ್ಕಿ ಬಿಟ್ಟ ಹೊಂಡ

ಹುನ್ನೂರ ಕಡೆಯ ಒಂದು ಕುರಿಗಾರರ ಓಣಿಯಲ್ಲಿ ಈ ಚಳಿಗಾಲ ಕುರಿಗಳು ಸೊರಗಿದವು. ಮೇವು ತಿನ್ನುತ್ತಿದ್ದವು, ಆದರೂ ಬೆನ್ನೆಲುಬು ಕೈಗೆ ಹತ್ತುತ್ತಿತ್ತು. ಕೆಲವಕ್ಕೆ ಗದ್ದದ ಕೆಳಗೆ ನೀರು ತುಂಬಿದ ಬಾವು. ಯಲ್ಲಾಲಿಂಗನ ಹಿಂಡಿನಲ್ಲಿ ಎರಡು ಸತ್ತೇ ಹೋದವು.

"ಹೊಂಡದ ನೀರ ಕೆಟ್ಟೈತಿ. ಆ ಬಾತು ಬಂದಾವಲ್ಲ, ಅವೇ ಹೇತು ಕೆಡಸ್ಯಾವ," ಎಂದು ಆತ ದೀಪಾವಳಿಯಲ್ಲಿ ಉಳಿದ ಪಟಾಕಿ ಸರ ಹುಡುಕತೊಡಗಿದ.

ಹೆಂಡತಿ ತಂಗೆವ್ವ ಬಾಗಿಲಿಗೆ ಅಡ್ಡ ನಿಂತಳು. "ಬ್ಯಾಡ್ರೀ. ಮೂರ ವರ್ಷ ಆದಮ್ಯಾಲೆ ಬಂದಾವ. ಒಂಬತ್ತ ಅದಾವ ಅಷ್ಟ."

"ಎಣಿಸೀಯೇನ ಬೇ? ಕುರಿ ಎಣಸು ಅಂದ್ರ ತಪ್ಪತಿ!"

ಎಣಿಸಿದ್ದಳು, ದಿನಾ ಎರಡು ಸಲ. ಆಕೆ ಮದುವೆಯಾಗಿ ಬಂದಾಗ ಹೊಂಡದ ಸುತ್ತ ಆಳೆತ್ತರದ ಆಪು, ಅಂದರೆ ಜೊಂಡು ಹುಲ್ಲು, ಬೆಳೆದಿತ್ತು. ಅದರೊಳಗೆ ಬಾತುಗಳು, ಅಂಚಿನ ಕೆಸರಿನಲ್ಲಿ ಕೊಕ್ಕಿನ ನಡುವೆ ಸಂದಿಯಿರುವ ಕೊಕ್ಕರೆಗಳು. ಅವುಗಳ ಗದ್ದಲದಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಓಣಿಯವರು ಹೊಂಡ ಸ್ವಚ್ಛ ಮಾಡುತ್ತೇವೆಂದು ಜೆಸಿಬಿ ತಂದು ಆಪನ್ನೆಲ್ಲ ಕೀಳಿಸಿದರು. ಒಂದು ಬೇಸಿಗೆ ನೀರು ಹೊಳೆಯಿತು. ಆಮೇಲೆ ಹಸಿರು ಪಾಚಿ ಕಟ್ಟಿತು, ಹಕ್ಕಿ ಬರಲಿಲ್ಲ. ಗದ್ದಲಕ್ಕೂ ಮನಸ್ಸು ಹಂಬಲಿಸುತ್ತದೆ ಎಂದು ತಂಗೆವ್ವನಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಊರಿನ ದನಕುರಿಗಳ ಆರೈಕೆ ನೋಡುವ ಪಶುಸಖಿ ಪ್ರತಿಮಾ ಔಷಧದ ಚೀಲ ಹಿಡಿದು ಬಂದಳು.

"ಪಟಾಕಿ ಯಾಕ ಕಾಕಾ? ಯಾರದರ ಮದುವಿ ಐತೇನ್ರಿ?"

"ಬಾತಿನ ಮದುವಿ!"

ಪ್ರತಿಮಾ ಕುರಿಯ ಕಣ್ಣರೆಪ್ಪೆ ಬಿಡಿಸಿ ನೋಡಿದಳು. ಒಳಗೆ ಬಿಳುಚಿತ್ತು. ಹೊಂಡದ ದಂಡೆಗೆ ಹೋಗಿ ಒಂದು ಹಿಡಿ ಹಸಿ ಹುಲ್ಲು ತಂದು ಆತನ ಮುಂದೆ ಹಿಡಿದಳು. ಎಸಳಿಗೆ ಸಣ್ಣ ಸಣ್ಣ ಬಸವನಹುಳು ಅಂಟಿದ್ದವು.

"ರೋಗದ ಹುಳ ಇದರೊಳಗ ಬೆಳಿತೈತ್ರಿ. ಆಮ್ಯಾಲೆ ಹೊರಗ ಬಂದು ಹುಲ್ಲಿಗೆ ಹತ್ತತೈತಿ. ಕುರಿ ಆ ಹುಲ್ಲ ತಿಂದ್ರ ಸೀದಾ ಕಲೇಜಿಗೆ, ಡಾಕ್ಟರ ಯಕೃತ್ತ ಅಂತಾರಲ್ಲ, ಅದಕ್ಕ."

ಯಲ್ಲಾಲಿಂಗ ಒಂದು ಎಸಳು ಕೈಗೆ ತೆಗೆದುಕೊಂಡ. "ಸತ್ತ ಕುರಿ ಕೊಯ್ದಾಗ ಕಲೇಜ್ಯಾಗ ಎಲಿಯಂಥಾ ಹುಳ ಇದ್ದುವು, ಖರೆ."

"ಈ ಬಸವನಹುಳ ತಿನ್ನೋರ ಯಾರ? ಬಾತು, ಕೊಕ್ಕರಿ. ಅವನ್ನ ನೀವ ಓಡಸ್ತೀರಿ."

"ಮತ್ತ ಅವು ಹೇತದ್ದು?"

"ಒಂಬತ್ತ ಬಾತು ಹೇತ್ರ ಇಷ್ಟ ದೊಡ್ಡ ಹೊಂಡ ಕೆಡತೈತೇನ್ರಿ? ನಿಮ್ಮ ಇನ್ನೂರ ಕುರಿ ನೀರಾಗ ಇಳದು ಹಿಕ್ಕಿ ಹಾಕ್ತಾವಲ್ಲ, ಹುಳದ ತತ್ತಿ ಅದರಾಗ ಇರ್ತಾವ. ಇರಲಿ, ಒಂದ ಮಾತ ಹೇಳ್ರಿ. ರೈತ್ರು ಹೊಲದಾಗ ಕುರಿ ನಿಲ್ಲಸಾಕ ನಿಮ್ಮನ್ನ ಯಾಕ ಕರೀತಾರ?"

ಆತ ಮೀಸೆ ಮೇಲೆ ಕೈಯಾಡಿಸಿದ. "ನಮ್ಮ ಕುರಿ ನಾಕ ರಾತ್ರಿ ನಿಂತ ಹೊಲದಾಗ ಬೆಳಿ ನೋಡಬೇಕ ನೀ! ಕಾಳ ಕೊಟ್ಟ ಕರೀತಾರ."

"ಹೊಂಡಕ್ಕ ಹಕ್ಕಿ ನಿಲ್ಲೂದೂ ಅದೇ ಕೆಲಸರಿ. ಅವು ಹಾಕಿದ್ದ ಆಪಿಗೆ ಗೊಬ್ಬರ. ಕಾಲಿನ ಕೆಸರಿನಾಗ, ಹೊಟ್ಟ್ಯಾಗ, ಬ್ಯಾರೆ ಕೆರಿ ಬೀಜ ತರ್ತಾವ. ನಾವ ಕಿತ್ತಿದ್ದನ್ನ ಅವು ಬಿತ್ತತಾವ. ಆಪು ಬೆಳದ್ರ ನೀರ ಸೋಸತೈತಿ. ನಿಮ್ಹಂಗ ಕಾಳೂ ಕೇಳೂದಿಲ್ಲ."

ತಂಗೆವ್ವ ಸೆರಗು ಬಾಯಿಗಿಟ್ಟು ನಕ್ಕಳು. ಯಲ್ಲಾಲಿಂಗ ನಗಲಿಲ್ಲ. ಆತನ ಮುಖ ಕಪ್ಪಿಟ್ಟಿತು. ಬೆಳಿಗ್ಗೆಯೇ ತಮ್ಮ ಪರಮಾನಂದನ ಕೈಗೂ ಒಂದು ಸರ ಕೊಟ್ಟು, ಬಿಸಿಲೇರಿದ ಮೇಲೆ ಹಚ್ಚೆಂದು ಹೊಂಡದ ಆಚೆ ದಂಡೆಗೆ ಕಳಿಸಿದ್ದ.

"ಲೇ ಪರಮ್ಯಾ, ಹಚ್ಚಬ್ಯಾಡೋ!" ಎಂದು ಓಡಿದ. ಅರ್ಧ ದಾರಿಯಲ್ಲೇ ಪಟಾಕಿ ಸಿಡಿಯಿತು. ಒಂಬತ್ತೂ ಮೇಲೆದ್ದು ಒಂದು ಸುತ್ತು ತಿರುಗಿ ಕೃಷ್ಣೆಯ ಕಡೆ ಹೋದವು. ತಂಗೆವ್ವ ಅವು ಕಾಣದಾದ ಮೇಲೂ ಆಕಾಶ ನೋಡುತ್ತ ನಿಂತಿದ್ದಳು.

ಮರುದಿನ ಪಶುವೈದ್ಯರು ಬಂದು ತೂಕ ನೋಡಿ ಜಂತಿನ ಔಷಧ ಕುಡಿಸಿದರು. ಈಗ ಕುರಿಗಳು ಹೊಂಡಕ್ಕೆ ಇಳಿಯುವುದಿಲ್ಲ, ಕಲ್ಲಿನ ದೋಣಿಗೆ ಸೇದಿ ಹಾಕಿದ ನೀರು ಕುಡಿಯುತ್ತವೆ. ಪೂರ್ವದ ದಂಡೆಗೆ ಅಣ್ಣತಮ್ಮಂದಿರೇ ಜಾಲಿ ಮುಳ್ಳಿನ ಬೇಲಿ ಬಡಿದು, ಯಾರೂ ಮೇಯಿಸದಂತೆ, ಕೊಯ್ಯದಂತೆ ಬಿಟ್ಟಿದ್ದಾರೆ. ಅಲ್ಲಿ ಗೇಣುದ್ದದ ಆಪು ಎದ್ದಿದೆ. ಬೀಜ ಆ ಒಂಬತ್ತು ತಂದದ್ದೋ, ಹಳೆಯ ಬೇರು ಚಿಗುರಿದ್ದೋ, ಹೇಳಲಾಗದು.

ಹಕ್ಕಿ ಇನ್ನೂ ಬಂದಿಲ್ಲ. ಸಂಜೆ ಹಿಂಡು ಹೊಡೆದುಕೊಂಡು ಬಂದ ಯಲ್ಲಾಲಿಂಗ ಕಂಬಳಿ ಇಳಿಸುವ ಮೊದಲೇ ಕೇಳುತ್ತಾನೆ: "ಬಂದ್ವೇನ?"

"ಇಲ್ರಿ."

"ನಾಳೆ ನೋಡು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಕೆರೆ, ಹೊಂಡ, ಹಳ್ಳದ ದಂಡೆಯಲ್ಲಿ ಈಗಲೂ ಹಕ್ಕಿ ಇಳಿಯುತ್ತಿದ್ದರೆ ಇಂದೇ ಹೋಗಿ ನೋಡಿ. ಸ್ವಚ್ಛ ಮಾಡುವಾಗ ಆಪನ್ನೆಲ್ಲ ಕೀಳಬೇಡಿ, ಒಂದು ದಂಡೆಯನ್ನಾದರೂ ಅವಕ್ಕೆ ಬಿಡಿ. ದನಕುರಿಗೆ ನೀರು ದೋಣಿಯಲ್ಲಿ ಕೊಡಿ, ಸೊರಗಿದರೆ ಪಶುವೈದ್ಯರನ್ನು ಕೇಳಿ. ಹಕ್ಕಿಯನ್ನು ಓಡಿಸಲು ಒಂದು ಸರ ಪಟಾಕಿ ಸಾಕು. ಮರಳಿ ಕರೆಯುವ ಸದ್ದು ನಮ್ಮ ಹತ್ತಿರ ಯಾವುದೂ ಇಲ್ಲ.